ದಿನ ತಿಳಿಸುವುದು ಬೇರೆ, ಮದುವೆಗೆ ಕರೆಯುವುದು ಬೇರೆ

ಪ್ರಶ್ನೆ: ನನ್ನ ಮದುವೆ 2026ರ ಮೇ ಮೊದಲ ವಾರ ತುಮಕೂರಿನಲ್ಲಿ ನಿಶ್ಚಯವಾಗಿದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಹುಡುಗನ ಮನೆ ಶಿರಸಿ ಹತ್ತಿರದ ಒಂದು ಹಳ್ಳಿ. ಈಗ ಮದುವೆಯ ದಿನ ಮಾತ್ರ ತಿಳಿಸುವ ಒಂದು 'ಸೇವ್ ದ ಡೇಟ್', ಆಮೇಲೆ ಒಂದು ಆಹ್ವಾನ, ಎರಡನ್ನೂ ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕು, ಕಾಗದಕ್ಕೆ ದುಡ್ಡು ಸುರಿಯುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಪ್ಪ ಒಪ್ಪುತ್ತಿಲ್ಲ. ಸಾವಿರ ಪತ್ರಿಕೆ ಅಚ್ಚು ಹಾಕಿಸಲೇಬೇಕು ಅನ್ನುತ್ತಾರೆ. ಇತ್ತ ಗೆಳತಿಯೊಬ್ಬಳು ಸೇವ್ ದ ಡೇಟನ್ನೇ ದಪ್ಪ ಕಾರ್ಡಿನಲ್ಲಿ ಅಚ್ಚು ಮಾಡಿಸಿ ಹಂಚಿದಳು, ಅದೂ ಚೆನ್ನಾಗಿತ್ತು. ಮನೆಯಲ್ಲಿ ದಿನಾ ಇದೇ ಮಾತು. ಯಾವುದು ಸರಿ?

ಉತ್ತರ: ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಮಾತು ನಮ್ಮ ಅಂಗಡಿಯ ಮೇಜಿನ ಮುಂದೆ ವಾರಕ್ಕೆ ನಾಲ್ಕು ಸಲವಾದರೂ ನಡೆಯುತ್ತದೆ. ಅಪ್ಪ ಸ್ಯಾಂಪಲ್ ಆಲ್ಬಂ ತಿರುವುತ್ತಿರುತ್ತಾರೆ, ಮಗಳು ಫೋನಿನಲ್ಲಿ ಯಾವುದೋ ವಿಡಿಯೋ ತೋರಿಸುತ್ತಿರುತ್ತಾಳೆ, ಅಮ್ಮ ಇಬ್ಬರ ಮುಖವನ್ನೂ ನೋಡುತ್ತಾ ಕೂತಿರುತ್ತಾರೆ. ಹಾಸನದ ನಮ್ಮ ಅಚ್ಚಿನ ಮನೆ ತಂದೆಯವರ ಕಾಲದ್ದು. ಅಚ್ಚುಮೊಳೆ ಜೋಡಿಸಿ ಕಾಲಿನಿಂದ ಟ್ರೆಡಲ್ ಯಂತ್ರ ತುಳಿದ ದಿನಗಳಿಂದ ಹಿಡಿದು, ಫೋನಿಗೆ ಕಳಿಸುವ ಆಹ್ವಾನ ಮಾಡಿಕೊಡುವ ಇವತ್ತಿನವರೆಗೆ ಮದುವೆ ಪತ್ರಿಕೆಯೇ ನಮಗೆ ಅನ್ನ ಹಾಕಿದೆ. ಹಾಗೆಂದು ಕಾಗದದವನು ಕಾಗದದ ಪರವೇ ವಾದಿಸುತ್ತಾನೆ ಅಂದುಕೊಳ್ಳಬೇಡಿ. ನಿಮ್ಮ ತಂದೆಯವರ ಸಾವಿರದ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ನಿಮ್ಮ 'ವಾಟ್ಸಾಪ್ ಸಾಕು' ಅನ್ನುವುದೂ ಒಪ್ಪಿಗೆಯಿಲ್ಲ. ನೀವಿಬ್ಬರೂ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದುಕೊಂಡು ಜಗಳವಾಡುತ್ತಿದ್ದೀರಿ.

ಮದುವೆ ಇಂಥ ದಿನ ಇದೆ ಎಂದು ತಿಳಿಸುವುದು ಒಂದು ಕೆಲಸ. ಮದುವೆಗೆ ಬನ್ನಿ ಎಂದು ಕರೆಯುವುದು ಇನ್ನೊಂದು. ಮೊದಲನೆಯದು ಸುದ್ದಿ. ಅದು ಬೇಗ ಹೋಗಬೇಕು, ದೂರ ಹೋಗಬೇಕು, ಬೇಕಾದಾಗ ಹುಡುಕಿದರೆ ಸಿಗಬೇಕು. ಎರಡನೆಯದು ಮರ್ಯಾದೆ. ಅದಕ್ಕೆ ಅವಸರವಿಲ್ಲ, ಆದರೆ ಕಾಲು ಸವೆಸಬೇಕು. ನಮ್ಮ ಭಾಷೆಯ ಪದಗಳನ್ನೇ ನೋಡಿ: ಕರೆಯೋಲೆ ಅನ್ನುತ್ತೇವೆ, ಕರಾವಳಿಯ ಕಡೆ ಹೇಳಿಕೆ ಅನ್ನುತ್ತಾರೆ, ತುಳುವಿನಲ್ಲಿ ಲೆಪ್ಪೋಲೆ ಅನ್ನುತ್ತಾರೆ. ಎಲ್ಲದರಲ್ಲೂ ಬಾಯಿ ಬಿಟ್ಟು ಕರೆಯುವುದೇ ಮುಖ್ಯ, ಓಲೆ ಅದರ ಜೊತೆಗೆ ಹೋಗುವ ವಸ್ತು.

ಆದ್ದರಿಂದ ನನ್ನ ಉತ್ತರ ಇಷ್ಟು. ಸೇವ್ ದ ಡೇಟನ್ನು ಡಿಜಿಟಲ್ಲಾಗಿಯೇ ಕಳಿಸಿ, ಅಚ್ಚು ಹಾಕಿಸಬೇಡಿ. ಲಗ್ನಪತ್ರಿಕೆಯನ್ನು ಅಚ್ಚು ಹಾಕಿಸಿ, ಆದರೆ ನೀವು ಮತ್ತು ನಿಮ್ಮ ಮನೆಯವರು ನಿಜವಾಗಿ ಎಷ್ಟು ಹೊಸ್ತಿಲು ತುಳಿಯುತ್ತೀರೋ ಅಷ್ಟಕ್ಕೆ ಮಾತ್ರ. ಇದನ್ನು ಹೇಗೆ ಮಾಡುವುದು, ಎಲ್ಲಿ ಎಡವುತ್ತಾರೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ದಿನ ತಿಳಿಸುವ ವಿಷಯ. ಹಿಂದೆ ಇದರ ಅಗತ್ಯ ಅಷ್ಟಾಗಿ ಇರಲಿಲ್ಲ, ಯಾಕೆಂದರೆ ಕರೆಯಬೇಕಾದವರು ಎರಡು ಬಸ್ಸು ಬದಲಾಯಿಸಿದರೆ ಸಿಗುವಷ್ಟು ದೂರದಲ್ಲಿದ್ದರು. ಈಗ ನಿಮ್ಮ ಚಿಕ್ಕಪ್ಪ ಪುಣೆಯಲ್ಲಿರಬಹುದು, ಗೆಳತಿ ಡಲ್ಲಾಸ್‌ನಲ್ಲಿರಬಹುದು. ರೈಲಿನ ಮುಂಗಡ ಟಿಕೆಟ್ ಮೊದಲು 120 ದಿನ ಮುಂಚೆ ಸಿಗುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಮೇ ಮೊದಲ ವಾರದ ಪ್ರಯಾಣಕ್ಕೆ ಮಾರ್ಚ್ ಮೊದಲ ವಾರ ಬುಕಿಂಗ್ ತೆರೆಯುತ್ತದೆ. ಮೇ ತಿಂಗಳು ನಮ್ಮ ಶಾಲೆಗಳ ಬೇಸಿಗೆ ರಜೆಯ ಕಾಲ ಬೇರೆ. ಬುಕಿಂಗ್ ತೆರೆಯುವ ದಿನ ಅವರ ಕೈಯಲ್ಲಿ ನಿಮ್ಮ ದಿನಾಂಕ ಇರಬೇಕು ಅಂದರೆ ಫೆಬ್ರವರಿ ಮಧ್ಯಕ್ಕೆ ಸುದ್ದಿ ತಲುಪಿರಬೇಕು. ಹೊರದೇಶದವರಿಗೆ ಇನ್ನೂ ಮುಂಚೆ. ಅವರು ರಜೆ ಕೇಳಬೇಕು, ವಿಮಾನದ ದರ ಏರುವ ಮೊದಲು ಟಿಕೆಟ್ ಮಾಡಬೇಕು, ಕೆಲವರಿಗೆ ಪಾಸ್‌ಪೋರ್ಟಿಗೆ ವೀಸಾ ಮುದ್ರೆ ಹಾಕಿಸಿಕೊಳ್ಳಲು ದಿನ ಸಿಗಬೇಕು. ಐದಾರು ತಿಂಗಳು ಮುಂಚೆ ಹೇಳಿದರೂ ಹೆಚ್ಚಾಗುವುದಿಲ್ಲ. ಅವರಿಗೆ ಇನ್ನೂ ತಿಳಿಸಿಲ್ಲವಾದರೆ ಇವತ್ತೇ ತಿಳಿಸಿಬಿಡಿ.

2026ರಲ್ಲಿ ಇನ್ನೊಂದು ವಿಶೇಷವಿದೆ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ. ಅಧಿಕ ಮಾಸದಲ್ಲಿ ಮದುವೆ ಮಾಡುವವರು ನಮ್ಮ ಕಡೆ ಕಡಿಮೆ. ಅದು ಮುಗಿದು ನಿಜ ಜ್ಯೇಷ್ಠದಲ್ಲಿ ಕೆಲವು ದಿನ ಸಿಕ್ಕಿದರೂ ಬೆನ್ನಿಗೇ ಆಷಾಢ. ಹಾಗಾಗಿ ಆ ಬೇಸಿಗೆಯ ಮದುವೆಗಳೆಲ್ಲ ವೈಶಾಖದಲ್ಲೇ ಒತ್ತೊತ್ತಾಗಿ ಬೀಳುತ್ತವೆ. ನಿಮ್ಮ ಮುಹೂರ್ತದ ದಿನವೇ ನಿಮ್ಮ ನೆಂಟರಿಗೆ ಇನ್ನೂ ಎರಡು ಮದುವೆ ಇರುವ ಸಾಧ್ಯತೆ ಖಂಡಿತ ಇದೆ. ಯಾರು ಮೊದಲು ಹೇಳಿದರೋ ಅವರ ಮದುವೆಗೆ ಇಡೀ ಕುಟುಂಬ ಬರುತ್ತದೆ, ಉಳಿದವರ ಮನೆಗೆ ಒಬ್ಬರು ಬಂದು ಅಕ್ಷತೆ ಹಾಕಿ ಹೋಗುತ್ತಾರೆ. ಸೇವ್ ದ ಡೇಟ್ ಬರೀ ಶೋಕಿ ಅನ್ನುವ ಹಿರಿಯರಿಗೆ ನಾನು ಪಂಚಾಂಗ ತೆಗೆದು ಇದನ್ನೇ ತೋರಿಸುತ್ತೇನೆ. ನಿಮ್ಮ ತಂದೆಯವರಿಗೂ ತೋರಿಸಿ.

ಛತ್ರದ ಮುಂಗಡ ಕಟ್ಟಿ ರಸೀದಿ ಕೈಗೆ ಬರುವ ಮೊದಲು ಮಾತ್ರ ಯಾರಿಗೂ ದಿನಾಂಕ ಕಳಿಸಬೇಡಿ. ಪುರೋಹಿತರು ಕೊಟ್ಟ ದಿನ, ಎರಡೂ ಮನೆ ಒಪ್ಪಿದ ದಿನ, ಛತ್ರ ಸಿಕ್ಕ ದಿನ, ಈ ಮೂರೂ ಒಂದಾದ ಮೇಲೆಯೇ ಅದು ಮದುವೆ ದಿನ.

ಇನ್ನು ಅದನ್ನು ಯಾರಿಗೆ ಮೊದಲು ಹೇಳುತ್ತೀರಿ ಅನ್ನುವುದು. ನನ್ನ ಅನುಭವದಲ್ಲಿ ಡಿಜಿಟಲ್ ಆಹ್ವಾನದಿಂದ ಆದ ಮನಸ್ತಾಪಗಳಲ್ಲಿ ಮುಕ್ಕಾಲು ಪಾಲು ಆಹ್ವಾನ ಡಿಜಿಟಲ್ ಆಗಿದ್ದಕ್ಕೆ ಆದದ್ದಲ್ಲ, ಸರದಿ ತಪ್ಪಿದ್ದಕ್ಕೆ ಆದದ್ದು. "ನಮ್ಮ ತಂಗಿ ಮಗಳ ಮದುವೆ ಅಂತ ಪಕ್ಕದ ಮನೆಯವರ ಸ್ಟೇಟಸ್ ನೋಡಿ ಗೊತ್ತಾಯ್ತು" ಅಂತ ಒಬ್ಬ ಸೋದರಮಾವ ನಮ್ಮ ಅಂಗಡಿಯಲ್ಲೇ ಕೂತು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಧಾರೆಯ ಹೊತ್ತಿಗೆ ಮದುಮಗಳನ್ನು ಕರೆತರಬೇಕಾದ ಮನುಷ್ಯ ಅವರು. ಆ ಹುಡುಗಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ವಿಡಿಯೋ ಸಿದ್ಧವಾಯಿತು, ಸಂತೋಷದಲ್ಲಿ ಸ್ಟೇಟಸ್‌ಗೆ ಹಾಕಿದಳು, ಅಷ್ಟೇ. ಹಾಗಾಗಿ ಒಂದು ಸಂಜೆ ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಸೋದರಮಾವಂದಿರು, ಅತ್ತೆಯರು, ದೊಡ್ಡಪ್ಪ-ಚಿಕ್ಕಪ್ಪಂದಿರು, ಅಜ್ಜಿಯ ಕಡೆಯ ಹಿರಿಯರು, ಹೀಗೆ ಇಪ್ಪತ್ತೈದು ಮೂವತ್ತು ಮನೆಗಳ ಪಟ್ಟಿ ಮಾಡಿ. ಅವರಿಗೆಲ್ಲ ಅಪ್ಪ ಅಥವಾ ಅಮ್ಮನೇ ಫೋನು ಮಾಡಿ ಬಾಯಾರೆ ಹೇಳಲಿ, ಎರಡು ಮಾತು ನೀವೂ ಆಡಿ. ಅದು ಮುಗಿದ ಮಾರನೆಯ ದಿನ ಉಳಿದವರಿಗೆ ವಾಟ್ಸಾಪ್. ಸ್ಟೇಟಸ್ಸು, ಇನ್‌ಸ್ಟಾಗ್ರಾಮು ಎಲ್ಲಕ್ಕಿಂತ ಕೊನೆಗೆ.

ಸ್ಮಾರ್ಟ್‌ಫೋನ್ ಇಲ್ಲದ, ಕಿವಿ ಮಂದವಾಗಿ ಫೋನಿನಲ್ಲಿ ಮಾತು ಕೇಳಿಸದ ಹಿರಿಯರು ಪ್ರತಿ ಮನೆತನದಲ್ಲೂ ನಾಲ್ಕೈದು ಜನ ಇರುತ್ತಾರೆ. ಅವರಿಗೆ ದಪ್ಪ ಕಾರ್ಡಿನ ಸೇವ್ ದ ಡೇಟ್ ಬೇಕಾಗಿಲ್ಲ. ಅಂಚೆ ಕಚೇರಿಯಲ್ಲಿ 50 ಪೈಸೆಗೆ ಪೋಸ್ಟ್ ಕಾರ್ಡ್ ಈಗಲೂ ಇದೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ನಿಮ್ಮ ಕೈಯಾರೆ ಐದು ಸಾಲು ಬರೆದು ಹಾಕಿ. ಅರಿಶಿನದ ಮೂಲೆಯ ಕಾಗದ ಬಂದರೆ ಓದುವ ಮೊದಲೇ ಶುಭ ಸಮಾಚಾರ ಅಂತ ಗೊತ್ತಾಗುತ್ತಿದ್ದ ಕಾಲದವರು ಅವರು. ಹೋದ ವರ್ಷ ನಾನು ಹೇಳಿದ ಮೇಲೆ ಒಬ್ಬ ಹುಡುಗಿ ಹನ್ನೊಂದು ಕಾರ್ಡು ಬರೆದಳು. ಅವಳ ಅಜ್ಜನ ಅಕ್ಕ ಆ ಕಾರ್ಡನ್ನು ದೇವರ ಮನೆಯಲ್ಲಿ ಇಟ್ಟುಕೊಂಡಿದ್ದಾರಂತೆ.

ಅಚ್ಚಾದ ಸೇವ್ ದ ಡೇಟ್ ಯಾಕೆ ಬೇಡ ಅಂದರೆ, ಅದು ಎರಡೂ ಕೆಲಸವನ್ನು ಅರ್ಧರ್ಧ ಮಾಡುತ್ತದೆ. ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್‌ನಿಂದ ಅಂಟಿಸುವ ಈ ಕಾರ್ಡಿನ ಪದ್ಧತಿ ಅಮೆರಿಕದ್ದು. ಅಲ್ಲಿ ಆಹ್ವಾನ ಹೆಚ್ಚಾಗಿ ಅಂಚೆಯಲ್ಲೇ ಹೋಗುತ್ತದೆ, ಬರುತ್ತೇವೆ ಇಲ್ಲ ಎಂಬ ಉತ್ತರವೂ ಅಂಚೆಯಲ್ಲೇ ಬರುವುದು ರೂಢಿ. ನಮ್ಮಲ್ಲಿ ಅದನ್ನು ಕೊಡಲು ಒಂದು ಸಲ, ಲಗ್ನಪತ್ರಿಕೆ ಕೊಡಲು ಇನ್ನೊಂದು ಸಲ ಅದೇ ಮನೆಗೆ ಹೋಗಬೇಕಾಗುತ್ತದೆ. ಅಂಚೆಗೆ ಹಾಕಿದರೆ ಹಳ್ಳಿ ಮನೆಯವರು ಅದನ್ನೇ ಮದುವೆ ಪತ್ರಿಕೆ ಅಂದುಕೊಂಡು, "ಬರೀ ಅಂಚೆಯಲ್ಲಿ ಕಳಿಸಿಬಿಟ್ಟರು, ಮನೆಗೆ ಬಂದು ಕರೆಯಲಿಲ್ಲ" ಅನ್ನುತ್ತಾರೆ. ನಿಮ್ಮ ಗೆಳತಿಯದು ಚೆನ್ನಾಗಿತ್ತು ಅನ್ನುವುದು ನಿಜವೇ ಇರಬಹುದು. ಅದು ಗೆಳೆಯರ ಗುಂಪಿಗೆ ಸರಿ. ಆ ದುಡ್ಡನ್ನು ಲಗ್ನಪತ್ರಿಕೆಯ ಒಳ್ಳೆಯ ಕಾಗದಕ್ಕೆ ಹಾಕಿ ಅನ್ನುತ್ತೇನೆ.

ಡಿಜಿಟಲ್ ಸುದ್ದಿ ಹೇಗಿರಬೇಕು? ಒಂದು ನಿಮಿಷದ ವಿಡಿಯೋ ಮಾಡಿಸಿದರೂ ಸರಿ, ಆದರೆ ಅದರ ಜೊತೆಗೆ ಒಂದೇ ಪುಟದ ಚಿತ್ರ, ಅದರ ಕೆಳಗೆ ಟೈಪು ಮಾಡಿದ ಅಕ್ಷರ, ಎರಡೂ ಇರಲೇಬೇಕು. ವಿಡಿಯೋದಲ್ಲಿ ದಿನಾಂಕ ಎರಡು ಸೆಕೆಂಡು ಮಿಂಚಿ ಹೋಗುತ್ತದೆ. ಕನ್ನಡಕ ಹುಡುಕಿಕೊಳ್ಳುವಷ್ಟರಲ್ಲಿ ಹೂವಿನ ದಳ ಉದುರುತ್ತಿರುತ್ತದೆ. ಮೂರು ತಿಂಗಳಾದ ಮೇಲೆ ಯಾವ ಛತ್ರ ಅಂತ ನೋಡಲು ಹೋದರೆ ವಿಡಿಯೋ ಫೋನಿನಿಂದ ಅಳಿಸಿ ಹೋಗಿರುತ್ತದೆ. ಟೈಪು ಮಾಡಿದ ಸಂದೇಶವಾದರೆ ನಿಮ್ಮ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಛತ್ರಕ್ಕೆ ದಾರಿ ತೋರಿಸುವ ಗೂಗಲ್ ಮ್ಯಾಪ್ಸ್ ಲಿಂಕನ್ನೂ ಆ ಸಂದೇಶದಲ್ಲೇ ಹಾಕಿ. ಚಿತ್ರದೊಳಗೆ ಬರೆದ ಲಿಂಕನ್ನು ಒತ್ತಿದರೆ ಏನೂ ಆಗುವುದಿಲ್ಲ. ಹುಡುಗನ ಊರಿನ ಕಡೆ ಈ ಟೈಪು ಮಾಡಿದ ಸಂದೇಶ ಇನ್ನೂ ಮುಖ್ಯ. ಶಿರಸಿಯ ಒಳಭಾಗದ ಮನೆಗಳಲ್ಲಿ ಎಷ್ಟೋ ಕಡೆ ಅಂಗಳದ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಸಿಗ್ನಲ್ಲು. ಅಲ್ಲಿ ನಿಮ್ಮ ವಿಡಿಯೋ ಸುತ್ತುತ್ತಲೇ ಇರುತ್ತದೆ, ಅಕ್ಷರ ತಲುಪುತ್ತದೆ.

ಒಬ್ಬೊಬ್ಬರಿಗೂ ಹೆಸರು ಹಿಡಿದು ಕಳಿಸಿ. ಫ್ಯಾಮಿಲಿ ಗ್ರೂಪಿಗೆ ಒಂದು ಹಾಕಿ ಕೈತೊಳೆದುಕೊಂಡರೆ ಗ್ರೂಪನ್ನು ಮ್ಯೂಟ್ ಮಾಡಿಟ್ಟವರಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾದವರಿಗೆ ತಮ್ಮನ್ನೇ ಕರೆದರು ಅನ್ನಿಸುವುದಿಲ್ಲ. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ತಲುಪಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸುವುದಾದರೆ ಒಂದು ಪಟ್ಟಿಗೆ 256 ಜನ ಹಿಡಿಯುತ್ತಾರೆ. ಆದರೆ ಯಾರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿಲ್ಲವೋ ಅವರಿಗೆ ಅದು ಹೋಗುವುದಿಲ್ಲ, ಹೋಗಲಿಲ್ಲ ಎಂದು ನಿಮಗೆ ಯಾರೂ ಹೇಳುವುದೂ ಇಲ್ಲ. ಅಪ್ಪನ ಕಡೆಯ ನೆಂಟರಿಗೆ ಅಪ್ಪನ ಫೋನಿನಿಂದ, ಅಮ್ಮನ ಕಡೆಯವರಿಗೆ ಅಮ್ಮನ ಫೋನಿನಿಂದ ಹೋಗಲಿ. ಅವರಿಗೆ ಗೊತ್ತಿಲ್ಲದ ನಿಮ್ಮ ನಂಬರಿನಿಂದ ಯಾವುದೋ ಫೈಲು ಬಂದರೆ ಅವರು ತೆರೆಯದೆ ಬಿಡಬಹುದು, ಬಿಡಬೇಕು ಕೂಡ.

ಯಾಕೆ ಬಿಡಬೇಕು ಅನ್ನುವುದನ್ನು ದಯವಿಟ್ಟು ಮನೆಯ ಹಿರಿಯರಿಗೆಲ್ಲ ವಿವರಿಸಿ. ಮದುವೆ ಆಹ್ವಾನದ ಹೆಸರಿನಲ್ಲಿ ಎಪಿಕೆ ಫೈಲು ಕಳಿಸಿ ಫೋನಿನ ಒಳಗೆ ನುಗ್ಗಿ ದುಡ್ಡು ದೋಚುವ ವಂಚನೆ ನಡೆಯುತ್ತಿದೆ. 2024ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಸೈಬರ್ ಪೊಲೀಸರು ಈ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು. ಎಪಿಕೆ ಅಂದರೆ ಚಿತ್ರವೂ ಅಲ್ಲ, ಪತ್ರಿಕೆಯೂ ಅಲ್ಲ. ಅದು ಫೋನಿನಲ್ಲಿ ಹೊಸ ಆ್ಯಪ್ ಕೂರಿಸುವ ಫೈಲು. ಒತ್ತಿದ ಮೇಲೆ ನಿಮ್ಮ ಮೆಸೇಜು, ಓಟಿಪಿ ಎಲ್ಲವೂ ಬೇರೆಯವರ ಕೈಗೆ ಹೋಗಬಹುದು. ನೀವು ಕಳಿಸುವ ಆಹ್ವಾನ ಚಿತ್ರ ಅಥವಾ ಪಿಡಿಎಫ್ ಆಗಿರಲಿ, ಗೊತ್ತಿಲ್ಲದ ವೆಬ್‌ಸೈಟಿನ ಚುಟುಕು ಲಿಂಕು ಬೇಡ. ಯಾರಾದರೂ ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ಈ ಭಯ ಬಂದ ಮೇಲೆ ನನ್ನ ಗಿರಾಕಿಗಳಿಗೆ ಹೇಳುತ್ತಿದ್ದೇನೆ: ಮೊದಲು ಫೋನು ಮಾಡಿ "ಈಗ ಒಂದು ಪತ್ರಿಕೆ ಕಳಿಸ್ತೀನಿ ಮಾವ, ನೋಡಿ" ಅನ್ನಿ, ಆಮೇಲೆ ಕಳಿಸಿ.

ಕನ್ನಡ ಅಕ್ಷರದ ವಿಷಯದಲ್ಲಿ ನನಗೆ ಸಂಕಟವಾಗುವಷ್ಟು ಬೇರೆ ಯಾವುದರಲ್ಲೂ ಆಗುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ರೆಡಿಮೇಡ್ ವಿನ್ಯಾಸಗಳಲ್ಲಿ ಕನ್ನಡ ಹಾಕಿದರೆ ಕೆಲವು ಸಲ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ, ಅರ್ಕಾವೊತ್ತು ಇರಬೇಕಾದಲ್ಲಿ ಇರುವುದಿಲ್ಲ. ಸಾಫ್ಟ್‌ವೇರಿಗೆ ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಇಲ್ಲದಿದ್ದರೆ ಅಥವಾ ಅದನ್ನು ಆನ್ ಮಾಡದಿದ್ದರೆ ಹೀಗಾಗುತ್ತದೆ. ಅಚ್ಚಿನ ಕಡೆ ಇದರ ಇನ್ನೊಂದು ರೂಪವಿದೆ. ನೀವು ಫೋನಿನಲ್ಲಿ ಟೈಪು ಮಾಡುವುದು ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಫೋನು, ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ. ಎಷ್ಟೋ ಅಚ್ಚಿನ ಮನೆಗಳಲ್ಲಿ ಇವತ್ತಿಗೂ ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಆದ ಪೇಜ್‌ಮೇಕರ್‌ನಲ್ಲಿ ನುಡಿ, ಶ್ರೀಲಿಪಿಯಂಥ, ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲೇ ಕೆಲಸ. ನಿಮ್ಮ ಬರಹವನ್ನು ಅದಕ್ಕೆ ಪರಿವರ್ತಿಸುವಾಗ ಹೆಸರುಗಳು ಕೆಡುತ್ತವೆ. 'ಸೂರ್ಯ', 'ಐಶ್ವರ್ಯ', 'ಧೈರ್ಯ' ಇಂಥ ಹೆಸರು ಬಂದಾಗ ಕರಡಿನಲ್ಲಿ ಅದೊಂದೇ ಅಕ್ಷರವನ್ನು ಬೆರಳಿಟ್ಟು ನೋಡಿ. ತಪ್ಪು ಹೆಸರಿನ ಪತ್ರಿಕೆ ದೇವರ ಮುಂದೆ ಇಟ್ಟರೆ ಅಮ್ಮನಿಗೆ ಆಗುವ ನೋವನ್ನು ನಾನು ಕಂಡಿದ್ದೇನೆ.

ದಿನ ಮತ್ತು ವಾರದ ವಿಷಯದಲ್ಲಂತೂ ಎರಡರಷ್ಟು ಎಚ್ಚರ. ನಮ್ಮ ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಇಂಗ್ಲಿಷ್ ತಾರೀಖು ನಡುರಾತ್ರಿಗೆ ಬದಲಾಗುತ್ತದೆ. ಬೆಳಗಿನ ಜಾವ ನಾಲ್ಕೂವರೆಯ ಮುಹೂರ್ತವನ್ನು ಪುರೋಹಿತರು ಬುಧವಾರದ್ದು ಅಂತ ಬರೆದುಕೊಟ್ಟರೆ ತಾರೀಖು ಗುರುವಾರದ್ದಾಗಿರುತ್ತದೆ. ಇಂಥ ಒಂದು ಪತ್ರಿಕೆಯನ್ನು ನಮ್ಮ ಅಚ್ಚಿನ ಮನೆಯಲ್ಲಿ 1990ರ ದಶಕದಲ್ಲಿ ತಾರೀಖು ಒಂದು, ವಾರ ಇನ್ನೊಂದು ಮಾಡಿ ಅಚ್ಚು ಹಾಕಿಬಿಟ್ಟಿದ್ದೆವು. ಗಿರಾಕಿ ಕರಡು ನೋಡಿ ಸಹಿ ಹಾಕಿದ್ದರು, ತಂದೆಯವರೂ ನೋಡಿದ್ದರು, ಯಾರ ಕಣ್ಣಿಗೂ ಬೀಳಲಿಲ್ಲ. ಸಿಕ್ಕಿದ್ದು ಐನೂರು ಮಡಿಚಿ ಕವರಿಗೆ ಹಾಕುವ ಹೊತ್ತಿಗೆ. ಮನೆಯವರೆಲ್ಲ ರಾತ್ರಿಯಿಡೀ ಕೂತು ಸಣ್ಣ ಚೀಟಿ ಅಂಟಿಸಿದೆವು. ಆವತ್ತಿನಿಂದ ನಮ್ಮಲ್ಲಿ "ಬುಧವಾರ ರಾತ್ರಿ ಕಳೆದು ಗುರುವಾರ ಬೆಳಗಿನ ಜಾವ" ಅಂತ ಬಿಡಿಸಿಯೇ ಹಾಕುವ ಪದ್ಧತಿ. ಡಿಜಿಟಲ್‌ನಲ್ಲಿ ಈ ತಪ್ಪು ಇನ್ನೂ ಕಷ್ಟ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಸುಮಾರು ಎರಡೂವರೆ ದಿನದೊಳಗೆ ಎಲ್ಲರ ಫೋನಿನಿಂದ ಅಳಿಸಬಹುದು. ಆದರೆ ಅಷ್ಟರಲ್ಲಿ ಅವರು ಮುಂದಕ್ಕೆ ಕಳಿಸಿದ್ದು ನಿಮ್ಮ ಕೈಗೆ ಸಿಗುವುದಿಲ್ಲ. ಹಳೆಯದು, ತಿದ್ದಿದ್ದು, ಎರಡೂ ನೆಂಟರ ನಡುವೆ ಓಡಾಡುತ್ತಿರುತ್ತವೆ. ಕಳಿಸುವ ಮೊದಲು ಮದುವೆಗೆ ಸಂಬಂಧವೇ ಇಲ್ಲದ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ಮನೆಯವರ ಕಣ್ಣು ಇರಬೇಕಾದ್ದನ್ನು ಓದುತ್ತದೆ, ಹೊರಗಿನವರ ಕಣ್ಣು ಇರುವುದನ್ನು ಓದುತ್ತದೆ.

ಬಣ್ಣ, ಚಿತ್ರಗಳ ಬಗ್ಗೆ ಎರಡೇ ಮಾತು. ಕಪ್ಪು ಹಿನ್ನೆಲೆಯಲ್ಲಿ ಚಿನ್ನದ ಅಕ್ಷರ ಫೋನಿನಲ್ಲಿ ಚೆಂದ ಕಾಣುತ್ತದೆ, ಹಿರಿಯರಿಗೆ ಮಾತ್ರ ಮನಸ್ಸು ಅಳುಕುತ್ತದೆ. ನಾವು ಲಗ್ನಪತ್ರಿಕೆಯ ಅಕ್ಷರಕ್ಕೂ ಕಪ್ಪು ಶಾಯಿ ಬಳಸುವುದಿಲ್ಲ, ಕುಂಕುಮ ಕೆಂಪು, ಕಂದು, ಹಸಿರು ಇಂಥದ್ದನ್ನೇ ಹಾಕುತ್ತೇವೆ. ನಿಮ್ಮಿಬ್ಬರ ಫೋಟೋ ಇರುವ ಸೇವ್ ದ ಡೇಟ್ ಮಾಡಿಸುವುದಾದರೆ ಗೆಳೆಯರಿಗೆ ಅದು, ನೆಂಟರಿಗೆ ಫೋಟೋ ಇಲ್ಲದ್ದು ಒಂದು, ಹೀಗೆ ಎರಡು ಮಾಡಿಸಿ. ಡಿಜಿಟಲ್‌ನ ದೊಡ್ಡ ಅನುಕೂಲವೇ ಇದು. ಹಾಗೆಯೇ ದಿನ ತಿಳಿಸುವ ಸಂದೇಶದಲ್ಲಿ ವಧುವರರ ಹೆಸರು, ಎರಡೂ ಕಡೆಯ ತಂದೆ-ತಾಯಿಯರ ಹೆಸರು, ದಿನ, ಊರು, ಇಷ್ಟೇ ಇರಲಿ. 'ಸುಖಾಗಮನ ಬಯಸುವವರು' ಎಂಬ ಪಟ್ಟಿ ಇಲ್ಲಿ ಶುರುವಾಯಿತೋ, ಯಾರ ಹೆಸರು ಮೇಲೆ, ಯಾರದು ಬಿಟ್ಟುಹೋಯಿತು ಎಂಬ ಮಾತು ಮೂರು ತಿಂಗಳು ಮುಂಚೆಯೇ ಶುರುವಾಗುತ್ತದೆ. ಅದಕ್ಕೆ ಲಗ್ನಪತ್ರಿಕೆಯೇ ಸ್ಥಳ.

ಈಗ ನಿಮ್ಮ ತಂದೆಯವರ ಸಾವಿರಕ್ಕೆ ಬರೋಣ. ಅವರು ಜನದ ಲೆಕ್ಕದಲ್ಲಿ ಹೇಳುತ್ತಿದ್ದಾರೆ. ಪತ್ರಿಕೆ ಹೋಗುವುದು ಮನೆಗೆ ಒಂದು. ಸಾವಿರದಿನ್ನೂರು ಜನ ಊಟಕ್ಕೆ ಬರುವ ಮದುವೆಗೆ ಮನೆಗಳ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಮುನ್ನೂರೈವತ್ತು ನಾನೂರು ದಾಟುವುದಿಲ್ಲ. ಅದರಲ್ಲಿ ನಿಮ್ಮ ಆಫೀಸಿನವರು, ಕಾಲೇಜಿನ ಗೆಳೆಯರು, ಹೊರರಾಜ್ಯ ಹೊರದೇಶದವರು ಡಿಜಿಟಲ್‌ನಲ್ಲೇ ಸಂತೋಷವಾಗಿ ಬರುತ್ತಾರೆ. ಉಳಿದವರಲ್ಲಿ ಅಪ್ಪ-ಅಮ್ಮ ನಿಜವಾಗಿ ಯಾರ ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯುತ್ತಾರೆ? ಆ ಮನೆಗಳ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಊರುವಾರು ಬರೆಸಿ. ಇನ್ನೂರು ಬರಬಹುದು, ಇನ್ನೂರೈವತ್ತು ಬರಬಹುದು. ಅದಕ್ಕೆ ನಲವತ್ತು ಐವತ್ತು ಸೇರಿಸಿ. ಇದಕ್ಕಿಂತ ಹೆಚ್ಚು ಹಾಕಿಸಿದವು ಮದುವೆ ಮುಗಿದ ಮೇಲೆ ಅಟ್ಟದ ಮೇಲೆ ಇರುತ್ತವೆ. ಎಷ್ಟು ಹಾಕಿಸಬೇಕು ಅನ್ನುವ ಪಾಠವನ್ನು ಕೊರೊನಾ ಬಂದ 2020 ಎಲ್ಲರಿಗೂ ಕಲಿಸಿತು. ಆ ಏಪ್ರಿಲ್, ಮೇ ತಿಂಗಳ ದಿನಾಂಕ ಹೊತ್ತ ಕಟ್ಟುಗಳು ನಮ್ಮ ಅಂಗಡಿಯಲ್ಲೇ ಉಳಿದುಹೋದವು. ಮದುವೆಗೆ 50 ಜನರ ಮಿತಿ ಬಂದಾಗ, ಒಂದು ಪತ್ರಿಕೆಯನ್ನೂ ಹಂಚದೆ ಫೋನಿನಲ್ಲೇ ಕ್ಷಮೆ ಕೇಳಿ ಮದುವೆ ಮಾಡಿದ ಮನೆಗಳಿವೆ. ಡಿಜಿಟಲ್ ಆಹ್ವಾನ ನಮ್ಮ ಹಳ್ಳಿಗಳಿಗೂ ಕಾಲಿಟ್ಟದ್ದು ಆಗಲೇ.

ಪ್ಲೇಟಿನಿಂದ ಅಚ್ಚು ಹಾಕುವ ಆಫ್‌ಸೆಟ್‌ನಲ್ಲಿ ಆ ಪ್ಲೇಟು ಮಾಡುವ, ಮಷಿನ್ ಕೂರಿಸುವ ಖರ್ಚು ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಅದಕ್ಕೇ ಅಂಗಡಿಯವರು "ಇನ್ನು ಐನೂರು ಹಾಕಿಸಿಬಿಡಿ, ಹೆಚ್ಚೇನೂ ಆಗುವುದಿಲ್ಲ" ಅನ್ನುತ್ತಾರೆ. ನಾನೂ ಎಷ್ಟೋ ಸಲ ಅಂದಿದ್ದೇನೆ. ಅದು ಸುಳ್ಳಲ್ಲ, ಆದರೆ ಕಾಗದ ಮತ್ತು ಕವರಿನ ಬೆಲೆ ಪ್ರತಿಯೊಂದಕ್ಕೂ ಬೀಳುತ್ತದೆ. ಇನ್ನೂರರಷ್ಟೇ ಸಾಕು ಅಂದರೆ ಡಿಜಿಟಲ್ ಮುದ್ರಣದಲ್ಲೇ ಮಾಡಿಸಬಹುದು, ಪ್ಲೇಟಿನ ಖರ್ಚಿಲ್ಲ. ಬೆಂಗಳೂರಿನಲ್ಲೇ ಇದ್ದೀರಲ್ಲ, ಚಿಕ್ಕಪೇಟೆ, ಸುಲ್ತಾನ್‌ಪೇಟೆ ಕಡೆ ಒಂದು ಶನಿವಾರ ಅಪ್ಪನನ್ನೂ ಕರೆದುಕೊಂಡು ಹೋಗಿ. ಫೋನಿನಲ್ಲಿ ಚಿತ್ರ ನೋಡಿ ಆರಿಸಬೇಡಿ, ಕಾಗದವನ್ನು ಕೈಯಲ್ಲಿ ಹಿಡಿದು ನೋಡಿ. 300 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದವಾಗಿದ್ದರೆ ಕೈಯಲ್ಲಿ ಬಾಗದೆ ನಿಲ್ಲುತ್ತದೆ. ಚಿನ್ನದ ಫಾಯಿಲ್ ಅಕ್ಷರ ಬೇಕೆಂದರೆ ಹೆಸರುಗಳಿಗೆ ಮಾತ್ರ ಸಾಕು. ಸಣ್ಣ ಅಕ್ಷರಕ್ಕೆ ಫಾಯಿಲ್ ಹಾಕಿದರೆ ಕನ್ನಡದ ಒತ್ತಕ್ಷರಗಳ ಹೊಟ್ಟೆ ತುಂಬಿಕೊಂಡು ಓದಲಾಗುವುದಿಲ್ಲ. ಪ್ಲಾಸ್ಟಿಕ್ ಲ್ಯಾಮಿನೇಷನ್ ಬೇಡವೆಂದೇ ಹೇಳುತ್ತೇನೆ. ಅದನ್ನು ಹಚ್ಚಿದ ಕಾಗದವನ್ನು ಮತ್ತೆ ಕಾಗದ ಮಾಡುವುದು ಕಷ್ಟ, ಅರಿಶಿನ ಕುಂಕುಮವೂ ಅದರ ಮೇಲೆ ನಿಲ್ಲುವುದಿಲ್ಲ. ಅಂಗಡಿಯವರು ನಿಮ್ಮಿಬ್ಬರ ವಯಸ್ಸಿನ ದಾಖಲೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಬಾಲ್ಯವಿವಾಹ ತಡೆಯಲು ಹುಡುಗಿಗೆ 18, ಹುಡುಗನಿಗೆ 21 ತುಂಬಿದೆಯೇ ನೋಡಿ ಅಚ್ಚು ಹಾಕಿ ಎಂದು ಅಧಿಕಾರಿಗಳು ನಮಗೆ ಸೂಚಿಸುವುದುಂಟು.

ಗಣಪತಿಯ ಚಿತ್ರದ ಬಗ್ಗೆ ನನ್ನದೊಂದು ಕೋರಿಕೆ. ದೇವರ ಚಿತ್ರ ಇರುವ ಪತ್ರಿಕೆಯನ್ನು ಮದುವೆಯಾದ ಮೇಲೆ ಕಸಕ್ಕೆ ಹಾಕಲು ಯಾರಿಗೂ ಮನಸ್ಸಾಗುವುದಿಲ್ಲ. ಅವು ಅಶ್ವತ್ಥಕಟ್ಟೆಯ ಬುಡದಲ್ಲಿ ಮಳೆಗೆ ನೆನೆಯುತ್ತಾ ಬಿದ್ದಿರುವುದನ್ನು ನೋಡಿದಾಗೆಲ್ಲ ನಾನೇ ಅಚ್ಚು ಹಾಕಿದ್ದೇನೋ ಎಂದು ಬಗ್ಗಿ ನೋಡುತ್ತೇನೆ. ಮೇಲ್ಗಡೆ 'ಶ್ರೀ' ಎಂದೋ, ಕುಲದೇವರ ಹೆಸರಿನ ಮುಂದೆ 'ಪ್ರಸನ್ನ' ಎಂದೋ ಅಕ್ಷರದಲ್ಲೇ ಇದ್ದರೆ ಶಾಸ್ತ್ರಕ್ಕೆ ಯಾವ ಕೊರತೆಯೂ ಇಲ್ಲ. ಚಿತ್ರ ಬೇಕೇಬೇಕು ಎಂದರೆ ದೇವರ ಮುಂದಿಡುವ ಮೊದಲ ಐದು ಪತ್ರಿಕೆಗೆ ಹಾಕಿಸಿ.

ಪತ್ರಿಕೆಯನ್ನು ಇಷ್ಟೆಲ್ಲ ಮಾಡಿ ಯಾಕೆ ಉಳಿಸಿಕೊಳ್ಳಬೇಕು ಅಂತ ನೀವು ಕೇಳಬಹುದು. ತಾಯಿ, ಅದು ಮಾಹಿತಿಗಾಗಿ ಅಲ್ಲ. ಮಾಹಿತಿಯೆಲ್ಲ ಫೆಬ್ರವರಿಯಲ್ಲೇ ಅವರ ಫೋನಿನಲ್ಲಿದೆ. ಪತ್ರಿಕೆ ಕೈಯಲ್ಲಿದ್ದರೆ ಒಂದು ಮನೆಗೆ ಹೋಗಲು ನೆಪ ಸಿಗುತ್ತದೆ. ಹತ್ತು ವರ್ಷ ಮಾತು ಬಿಟ್ಟಿದ್ದ ದಾಯಾದಿಗಳ ಮನೆ ಬಾಗಿಲಿಗೆ ಬರಿಗೈಯಲ್ಲಿ ಹೋಗುವುದು ಕಷ್ಟ, ಮಗಳ ಲಗ್ನಪತ್ರಿಕೆ ಹಿಡಿದು ಹೋಗುವುದು ಸುಲಭ. ಅವರೂ ಒಳಗೆ ಬನ್ನಿ ಅನ್ನಲೇಬೇಕು, ಕಾಫಿ ಕೊಡಲೇಬೇಕು. ನಿಮ್ಮ ತಂದೆ ಸಾವಿರ ಪತ್ರಿಕೆ ಅನ್ನುವಾಗ ಅವರ ಮನಸ್ಸಿನಲ್ಲಿರುವುದು ಆ ಮನೆಗಳು. ಬಾಯಿಗೆ ಬರುವುದು ಮಾತ್ರ ಕಾಗದ. ನೀವು "ಕಾಗದ ದಂಡ" ಅಂದಾಗ ಅವರಿಗೆ "ಆ ಮನೆಗಳಿಗೆ ಹೋಗುವುದೇ ದಂಡ" ಅಂದಂತೆ ಕೇಳಿಸಿರಬಹುದು. ಪಟ್ಟಿ ಮಾಡಲು ಕೂತಾಗ ಪ್ರತಿ ಹೆಸರಿನ ಹಿಂದಿನ ಕಥೆಯನ್ನೂ ಕೇಳಿ. ಎರಡು ಭಾನುವಾರ ರಜೆ ಮಾಡಿಕೊಂಡು ಅವರ ಜೊತೆ ಕೆಲವು ಮನೆಗಳಿಗೆ ನೀವೂ ಹೋಗಿ. ಹುಡುಗನ ಕಡೆಯವರು ದಿಬ್ಬಣ ಕಟ್ಟಿಕೊಂಡು ಶಿರಸಿಯಿಂದ ತುಮಕೂರಿಗೆ ಬರುವವರು. ಆ ಊರಿನ ಹಿರಿಯರನ್ನು ನಿಮ್ಮ ತಂದೆಯೇ ಒಂದು ಸಲ ಹೋಗಿ ಕರೆದು ಬಂದರೆ ಅದರ ಬೆಲೆ ಬೇರೆ.

ಪತ್ರಿಕೆ ಅಚ್ಚಾಗಿ ಮದುವೆಗೆ ಐದಾರು ವಾರ ಮುಂಚೆ ಕೈಗೆ ಬರುವ ಹಾಗೆ ಮಾಡಿಕೊಳ್ಳಿ. ಮಾರ್ಚ್ ಮುಗಿಯುವುದರೊಳಗೆ ಮೊದಲ ಪತ್ರಿಕೆ ಕುಲದೇವರ ಮುಂದೆ ಇರಲಿ. ಕನ್ನಡ ಒಂದು ಮಗ್ಗುಲಿಗೆ, ಇಂಗ್ಲಿಷ್ ಇನ್ನೊಂದು ಮಗ್ಗುಲಿಗೆ ಹಾಕಿಸಿದರೆ ಎರಡು ಬಗೆಯ ಕಾರ್ಡು ಬೇಕಾಗುವುದಿಲ್ಲ. ಅದೇ ವಿನ್ಯಾಸದ ಪಿಡಿಎಫ್ ಕೊಡಿ ಎಂದು ಅಂಗಡಿಯವರನ್ನು ಮೊದಲೇ ಕೇಳಿಟ್ಟುಕೊಂಡರೆ, ಮನೆಗೆ ಹೋಗಲಾಗದವರಿಗೆ ಕಳಿಸುವ ಡಿಜಿಟಲ್ ಆಹ್ವಾನವೂ ಆಯಿತು. ಹಂಚಿ ಮುಗಿದ ಮೇಲೆ ನಾಲ್ಕು ಪತ್ರಿಕೆಯನ್ನು ಬೀರುವಿನಲ್ಲಿ ಎತ್ತಿಡಿ. ಮದುವೆ ನೋಂದಣಿಗೆ ಅರ್ಜಿ ಹಾಕುವಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಫೋಟೋ, ಗುರುತಿನ ದಾಖಲೆಗಳ ಜೊತೆಗೆ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ.